ಚಿಲ್ಲರೆಗೆ ಬಂದ ಕಾರ್ಡು

"ತಿಥಿ ಕಾಗದವಾ ಮೇಡಂ?"
ಬೆರಳಿಗೆ ಎಂಜಲು ಹಚ್ಚಿ ಎರಡೆರಡು ಸಲ ಎಣಿಸಿದಳು
ಕ್ಯಾತನಕೊಪ್ಪಲಿನ ಪೋಸ್ಟಿನ ಸಾಕಮ್ಮ.
ನಲವತ್ತೊಂದು ಕಾರ್ಡು, ಇಪ್ಪತ್ತೂವರೆ ರೂಪಾಯಿ.
ಐವತ್ತು ಪೈಸೆ ಈಗ ಯಾರ ಹತ್ತಿರ ಇದೆ?
ಚಿಲ್ಲರೆಗೆ ಬದಲು ಇನ್ನೊಂದು ಕಾರ್ಡು ಕೊಟ್ಟಳು.

ಒಂಬತ್ತನೇ ಕ್ಲಾಸು, ಊಟ ಆದಮೇಲಿನ ಪಿರಿಯಡ್.
ಪುಸ್ತಕದಲ್ಲಿ ಕಡಲತೀರ, ಪಟ್ಟೆ ಪಟ್ಟೆ ಛತ್ರಿ,
ಬಿಸಿಲಿಗೆ ಮೂಗು ಕೆಂಪಾದ ಹುಡುಗಿ ಗೆಳತಿಗೆ ಬರೆಯುತ್ತಾಳೆ:
ಹವೆ ಚೆನ್ನಾಗಿದೆ, ಊಟ ಚೆನ್ನಾಗಿದೆ,
ವಿಶ್ ಯೂ ವರ್ ಹಿಯರ್.

ಬೋರ್ಡಿನ ಮೇಲೆ ಚೌಕ ಬರೆದು ನಡುವೆ ಗೆರೆ ಎಳೆದೆ.
ಎಡಕ್ಕೆ ಸುದ್ದಿ, ಬಲಕ್ಕೆ ವಿಳಾಸ,
ಪಿನ್‌ಕೋಡಿಗೆ ಆರು ಮನೆ.

"ಯಾರಿಗೆ ಬರೀಬೇಕು ಮಿಸ್?" ಇಂಪನ ಎದ್ದಳು.
ಗೆಳತಿಗೆ.
"ಇಲ್ಲೇ ಅವ್ಳಲ್ಲ!"
ಪಕ್ಕದ ಮುಬೀನಾಳ ಜಡೆ ಎತ್ತಿ ತೋರಿಸಿದಳು.
ಹೌದಲ್ಲ, ಇವರ ಸ್ನೇಹಿತರೆಲ್ಲ
ಒಂದು ಕೂಗಿಗೆ ಓಗೊಡುವಷ್ಟು ಹತ್ತಿರ.
ಇರಲಿ, ಅವಳಿಗೇ ಬರಿ ಅಂದೆ.
"ಎಲ್ಲಿಂದ?"
ರಜದಲ್ಲಿ ಎಲ್ಲಿಗೆ ಹೋಗಿದ್ದೆ?
"ಅತ್ತೆ ಮನೆಗೆ. ಆಲೆಮನೇಲಿ ಸಿಪ್ಪೆ ಹೊತ್ತೆ."
ಹಾಗಾದರೆ ಊಹಿಸಿಕೊಂಡು ಬರೆಯಿರಿ.

ಗೋವಾ ಬಂತು, ಊಟಿ ಬಂತು, ಸೆಖೆಯ ಲಂಡನ್ ಬಂತು.
ಲೋಹಿತ ಚಂದ್ರನ ಮೇಲಿಂದ ಬರೆದ:
ಇಲ್ಲಿ ಹವೆ ಇಲ್ಲ.
ತಪ್ಪೆನ್ನಲು ಬಾಯಿ ಬರಲಿಲ್ಲ.

"ಈಗಿನ ಮಾತಿಗೆ 'ವರ್' ಯಾಕೆ ಮಿಸ್? 'ಆರ್' ಅಲ್ವಾ?"
ಆಗದ್ದನ್ನು ಬಯಸುವಾಗ
ಇಂಗ್ಲಿಷು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ, ಅಂದೆ.
ನಮ್ಮದೂ ನೋಡಿ: ನೀನು ಇಲ್ಲಿ ಇದ್ದಿದ್ದರೆ.
ಎರಡೆರಡು ಸಲ ಇದ್ದೂ
ಇಲ್ಲದ್ದು.

ಕೊನೇ ಬೆಂಚು, ಕೆಂಪರಾಜು. ಗೆರೆ ಸೊಟ್ಟ.
ನಮ್ಮೂರು ಚೆನ್ನಾಗಿದೆ. ನಾಲೆಗೆ ನೀರು ಬಿಟ್ಟಿದ್ದಾರೆ.
ನಮ್ಮ ಎಮ್ಮೆ ಹೆಸರು ರಾಣಿ.
ಇಲ್ಲಿ ಡೆಟಾಲ್ ವಾಸನೆ ಇಲ್ಲ.
ವಿಶ್ ಯೂ ವರ್ ಹಿಯರ್.

ಕೆಂಪು ಪೆನ್ನಿನ ಕ್ಯಾಪು ತೆಗೆದಿದ್ದೆ.
ಹೋದ ಊರಿಂದ ಬರೀಬೇಕು ಕಣೋ, ಇರೋ ಊರಿಂದಲ್ಲ.
ಆಮೇಲೆ ಬಲಭಾಗ ಕಂಡಿತು:
ಮಾದೇಶ, ಹದಿನಾಲ್ಕನೇ ಮಂಚ,
ಮಕ್ಕಳ ವಾರ್ಡು, ದೊಡ್ಡಾಸ್ಪತ್ರೆ, ಮೈಸೂರು.

ದಸರಾ ರಜ ಪೂರ್ತಿ ಇವನದು ಹದಿಮೂರನೇ ಮಂಚ.
ಶಾಲೆ ಶುರುವಾದ ಮೇಲೂ ಆರು ದಿನ
ಗೈರು ಎಂದು ಬರೆದವಳು ನಾನೇ,
ಕಾರಣ ಕೇಳದೆ.

ಅವನಿಗೆ ಇಂಗ್ಲಿಷ್ ಬರುತ್ತೇನೋ?
"ಇಲ್ಲ ಮಿಸ್. ನರ್ಸಕ್ಕಂಗೆ ಬತ್ತದೆ. ಕೇರಳದೋರು.
ಕನ್ನಡ ಬರಲ್ಲ, ಓದ್ಬುಟ್ಟು ಕೈಸನ್ನೇಲಿ ಹೇಳ್ತಾರೆ."
ಎಮ್ಮೇನ?
"ಹಿಂಗೆ," ಎಂದು ತಲೆಗೆ ಎರಡು ಕೈ ಕೋಡಿಟ್ಟ.
ರಾಣಿಯನ್ನ? ಸ್ವಲ್ಪ ಯೋಚಿಸಿ
ಕೋಡಿನ ಮೇಲೆ ಕಿರೀಟ ಇಟ್ಟ.
ಪೆನ್ನಿನ ಕ್ಯಾಪು ಮುಚ್ಚಿದೆ.

ಕಾರ್ಡುಗಳು ಮಂಡ್ಯಕ್ಕೆ ಹೋಗಿ, ಮೈಸೂರಲ್ಲಿ ಪಾಲಾಗಿ,
ಮತ್ತೆ ಮಂಡ್ಯಕ್ಕೆ ಬಂದು
ಐದನೇ ದಿನ ಸಾಕಮ್ಮನ ಸೈಕಲ್ಲಿನಲ್ಲಿ ಶಾಲೆಗೇ ಬಂದವು, ನಲವತ್ತು.
ಒಂದು ಬೆಂಚಿನ ಈ ತುದಿಯಿಂದ ಆ ತುದಿಗೆ
ನೂರು ಕಿಲೋಮೀಟರು.
ಮೊಹರಿನ ಮಸಿ ಇನ್ನೂ ಹಸಿಯೇನೋ ಎಂಬಂತೆ
ಮುಬೀನಾ ಬೆರಳಿಂದ ಒತ್ತಿ ನೋಡಿದಳು.
"ಥೂ, ನಮ್ಮ ಬದ್ಲು ಇದೇ ಊರು ನೋಡ್ಕೊಂಡು ಬಂತು,"
ಅಂದಳು ಇಂಪನ.

ನಲವತ್ತೊಂದನೆಯದರ ಸುದ್ದಿಯಿಲ್ಲ.
ಎರಡು ಸೋಮವಾರ ಕೇಳಿದೆ.
"ವಾಪಸ್ ಬಂದಿಲ್ಲ ಅಂದ್ಮೇಲೆ
ಯಾರೋ ಈಸ್ಕೊಂಡವ್ರೆ ಬುಡಿ ಮೇಡಂ."

ಮೂರನೇ ವಾರ, ಗಂಟೆ ಹೊಡೆದ ಮೇಲೆ ಕೆಂಪರಾಜು ನಿಂತಿದ್ದ.
"ಮಿಕ್ಕಿದ್ದು ಒಂದು ಕಾರ್ಡು ಅದಾ ಮಿಸ್?"
ಹಾಜರಿ ಪುಸ್ತಕದ ನಡುವಿಂದ ತೆಗೆದು ಕೊಟ್ಟೆ.
ಬಾಗಿಲ ತನಕ ಹೋದವನು ತಿರುಗಿದ.
"ಡಿಸ್ಚಾರ್ಜ್, ಸ್ಪೆಲಿಂಗ್ ಹೇಳಿ."
ಸುಣ್ಣದಕಡ್ಡಿ ಹಿಡಿದು ಡಿ, ಐ, ಎಸ್ ಬರೆದೆ.
ಇಪ್ಪತ್ತೆರಡು ವರ್ಷದ ಮೇಷ್ಟ್ರಿಕೆ;
ಮುಂದಿನ ಅಕ್ಷರಕ್ಕೆ
ಕೈ ಯಾಕೋ ತಡೆಯಿತು.